ಕೆ-೪೨೬ರ ಡ್ರಾಯರಿನಲ್ಲಿ ಇಲ್ಲದ ಕಾರ್ಡು

ನನಗೆ ಬೇಗ ಸಿಟ್ಟು ಬರುತ್ತದೆ ಎಂದು ಹೇಳುವವರಿಗೆ ನನ್ನ ಪರಿಚಯ ಸಾಲದು. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ. ನನ್ನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮನೆಯ ಹಿರಿಯರ ಹಾಗೆ ಒಂದು ಕಡೆ ಕೂತಿರುತ್ತದೆ, ಯಾರಾದರೂ ಮಾತಾಡಿಸಿದರೆ ಎದ್ದು ನಿಲ್ಲುತ್ತದೆ. ಅದರಲ್ಲೂ ಏನನ್ನಾದರೂ ಹುಡುಕುವಾಗ ಏಳುವ ಸಿಟ್ಟಿನ ಜಾತಿಯೇ ಬೇರೆ. ಕನ್ನಡಕ ಹುಡುಕುವವನನ್ನು ಗಮನಿಸಿ ನೋಡಿ. ಮೊದಲು ಕನ್ನಡಕದ ಮೇಲೆ, ಆಮೇಲೆ ಮೇಜಿನ ಮೇಲೆ, ಆಮೇಲೆ ಹೆಂಡತಿಯ ಮೇಲೆ, ಕೊನೆಗೆ ಕಣ್ಣು ಕೊಟ್ಟ ದೇವರ ಮೇಲೆ ಅವನು ಹರಿಹಾಯುತ್ತಾನೆ. ಅದನ್ನು ಅಲ್ಲಿಟ್ಟವನು ತಾನೇ ಎಂಬುದೊಂದು ಬಿಟ್ಟು ಮಿಕ್ಕದ್ದೆಲ್ಲ ಅವನಿಗೆ ಹೊಳೆಯುತ್ತದೆ. ಇಂಥ ಸ್ವಭಾವದ ನಾನು ಹೊಟ್ಟೆಪಾಡಿಗೆ ಹಿಡಿದ ಕೆಲಸ ಯಾವುದು ಅಂತೀರಿ? ಹುಡುಕುವುದೇ. ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೂತು ಊರವರ ಹೆಸರುಗಳನ್ನೆಲ್ಲ ಹುಡುಕಿಕೊಟ್ಟ ನನಗೆ ಒಂದು ದಿನ ನನ್ನ ಹೆಂಡತಿಯ ಕಾರ್ಡೇ ಸಿಗಲಿಲ್ಲ. ಅದು ಸಿಗದ ಹೊರತು ಅವಳ ಹೊಟ್ಟೆಗೆ ಕತ್ತರಿ ಹಾಕುವುದಿಲ್ಲ ಎಂದು ಸರ್ಜನ್ ಹೇಳಿಬಿಟ್ಟಿದ್ದರು. ಆ ದಿನದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದು ಯಾರ ಮೇಲೆ ಎಂಬುದು ಮಾತ್ರ ಬದಲಾಗಿದೆ.

ನಾನು ಧಾರವಾಡದವನು, ಕುಲಕರ್ಣಿ. ಎಪ್ಪತ್ತರ ದಶಕದಲ್ಲಿ ಕೆಲಸಕ್ಕಾಗಿ ಗುಜರಾತಿಗೆ ಹೋದೆ. ಒಂದು ವರ್ಷ ಸೂರತ್ತಿನ ಬಟ್ಟೆ ಗಿರಣಿಯೊಂದರಲ್ಲಿ ಹಾಜರಿ ಪುಸ್ತಕ ನೋಡಿಕೊಂಡು, ಆಮೇಲೆ ಬರೋಡಾಕ್ಕೆ, ಅಂದರೆ ಈಗಿನ ವಡೋದರಾಕ್ಕೆ ಬಂದು ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ರೆಕಾರ್ಡ್ ಆಫೀಸರ್ ಆದೆ. ಹೆಸರು ದೊಡ್ಡದು, ಕೋಣೆ ಕಿಟಕಿ ಇಲ್ಲದ್ದು. ಒಬ್ಬೊಬ್ಬ ರೋಗಿಗೆ ಒಂದೊಂದು ಫೈಲು, ಒಂದೊಂದು ಫೈಲಿಗೆ ಒಂದೊಂದು ಕಾರ್ಡು. ಕಾರ್ಡಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯದೋ ಗಂಡನದೋ ಹೆಸರು, ಕೊನೆಗೆ ಫೈಲಿನ ನಂಬರು. ಕಾರ್ಡು ಸಿಕ್ಕರೆ ಫೈಲು ಸಿಕ್ಕಿತು. ಕಾರ್ಡು ಸಿಗದಿದ್ದರೆ ನಾಲ್ಕು ಗೋಡೆಗಳಿಗೆ ಸೂರಿನವರೆಗೆ ಒಟ್ಟಿದ ಆ ಫೈಲುಗಳು ರದ್ದಿಗಿಂತ ಕಡೆ.

ಕಾರ್ಡು ಬರೆಯುತ್ತಿದ್ದವನು ಹೊರಗಿನ ಕೌಂಟರಿನ ನಟುಭಾಯಿ. ಸೂರತ್ತಿನವನು. ಆ ಊರಿನಲ್ಲಿ ಜರಿ ಮಾಡುವವನು ಜರಿವಾಲಾ, ಹಾಲು ಮಾರುವವನು ದೂಧ್‌ವಾಲಾ. ಅಡ್ಡಹೆಸರು ಇಲ್ಲದ ಮನುಷ್ಯ ಇರುವುದೇ ಸಾಧ್ಯವಿಲ್ಲ ಎಂದು ನಟುಭಾಯಿ ನಂಬಿದ್ದ. ಹಳ್ಳಿಯಿಂದ ಬಂದ ಯಾರಾದರೂ ತನ್ನ ಹೆಸರು, ಅಪ್ಪನ ಹೆಸರು ಹೇಳಿ ಸುಮ್ಮನಾದರೆ, "ಏನು ಕೆಲಸ ಮಾಡ್ತೀಯ?" ಎಂದು ಕೇಳಿ ತಾನೇ ಒಂದು ಅಡ್ಡಹೆಸರು ದಯಪಾಲಿಸುತ್ತಿದ್ದ. ಆಸ್ಪತ್ರೆಗೆ ಬರೀ ಕೆಮ್ಮು ತಂದವರು ಕೆಮ್ಮಿನ ಜೊತೆ ಟಾಂಗಾವಾಲಾ, ಛತ್ರಿವಾಲಾ ಎಂಬ ವಂಶನಾಮವನ್ನೂ ಹೊತ್ತುಕೊಂಡು ಹೋಗುತ್ತಿದ್ದರು. ನಾನು ಎಷ್ಟೋ ಸಲ ಕೂಗಾಡಿದ್ದೆ. "ಜಾಗ ಖಾಲಿ ಬಿಟ್ಟರೆ ನೀವೇ ಬೈತೀರಿ, ತುಂಬಿದರೂ ಬೈತೀರಿ, ಕುಲಕರ್ಣಿ ಸಾಹೇಬ್" ಎಂದು ಅವನು ನಗುತ್ತಿದ್ದ. ಸಿಟ್ಟಿನವರಿಗೆ ನಗುವವರಷ್ಟು ದೊಡ್ಡ ಶತ್ರುಗಳಿಲ್ಲ. ಅವನು ನಿವೃತ್ತನಾಗಿ ಸೂರತ್ತಿಗೆ ಹೊರಟ ದಿನ ನಾನು ಹಾರ ಹಾಕಿ, ಒಳಗೊಳಗೇ ಕೈ ತೊಳೆದುಕೊಂಡೆ.

ನಟುಭಾಯಿ ಹೋದರೂ ನನ್ನ ತಲೆನೋವು ಹೋಗಲಿಲ್ಲ. ಒಬ್ಬನೇ ರೋಗಿ ಈ ವರ್ಷ ಒಂದು ರೀತಿ, ಮುಂದಿನ ವರ್ಷ ಇನ್ನೊಂದು ರೀತಿ ಹೆಸರು ಬರೆಸುತ್ತಿದ್ದ. ಹಳೆಯ ಕಾರ್ಡು ಸಿಗದೆ ಹೊಸ ಫೈಲು ತೆರೆಯುತ್ತಿದ್ದರು. ಒಬ್ಬನ ಸಕ್ಕರೆ ಕಾಯಿಲೆ ಒಂದು ಫೈಲಿನಲ್ಲಿ, ಎದೆನೋವು ಮತ್ತೊಂದರಲ್ಲಿ. ಇದಕ್ಕೆ ಮದ್ದು ಕಲಿತು ಬರಲೆಂದು ಟ್ರಸ್ಟಿನವರು ನನ್ನನ್ನು ಅಹಮದಾಬಾದಿಗೆ ಮೂರು ವಾರದ ತರಬೇತಿಗೆ ಕಳಿಸಿದ್ದರು. ಇದು ನಟುಭಾಯಿ ಇನ್ನೂ ಕೌಂಟರಿನಲ್ಲಿದ್ದ ಕಾಲದ ಮಾತು. ಅಲ್ಲಿ ಕಲಿತದ್ದು ದನಿಯನ್ನು ಅಂಕಿ ಮಾಡುವ ವಿದ್ಯೆ. ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಇಟ್ಟುಕೊಳ್ಳಿ. ಉಳಿದದ್ದರಲ್ಲಿ ಸ್ವರಗಳನ್ನು ಬಿಸಾಕಿ. ಎಚ್, ಡಬ್ಲ್ಯು, ವೈ ಇವಕ್ಕೂ ಬೆಲೆಯಿಲ್ಲ. ಕಿವಿಗೆ ಹತ್ತಿರವಾದ ವ್ಯಂಜನಗಳಿಗೆ ಒಂದೊಂದು ಅಂಕಿ: ಬಿ, ಪಿ, ವಿ ಬಂದರೆ ೧, ಕೆ, ಜಿ, ಎಸ್, ಎಕ್ಸ್ ಗುಂಪಿಗೆ ೨, ಡಿ, ಟಿಗೆ ೩, ಎಲ್‌ಗೆ ೪, ಎಂ, ಎನ್‌ಗೆ ೫, ಆರ್‌ಗೆ ೬. ಒಂದೇ ಅಂಕಿ ಒತ್ತಿಗೊತ್ತಿ ಎರಡು ಸಲ ಬಂದರೆ ಒಂದೇ ಸಲ ಬರೆಯಿರಿ. ಮೂರು ಅಂಕಿ ಆದ ಕೂಡಲೇ ನಿಲ್ಲಿಸಿ, ಸಾಲದಿದ್ದರೆ ಸೊನ್ನೆ ತುಂಬಿ. ದೀಕ್ಷಿತನು ಇಂಗ್ಲಿಷಿನಲ್ಲಿ ಕೆ, ಎಸ್, ಎಚ್ ಹಾಕಿ ಉದ್ದಕ್ಕೆ ಬರೆದುಕೊಳ್ಳಲಿ, ಒಂದು ಎಕ್ಸ್ ಹಾಕಿ ಮುಗಿಸಲಿ, ಎರಡೂ ಡಿ-೨೩೦ ಎಂಬ ಒಂದೇ ಡ್ರಾಯರಿಗೆ ಬಂದು ಬೀಳುತ್ತವೆ. ಬರೋಡಾಕ್ಕೆ ಮರಳಿ ನಾನೂ ನನ್ನ ಸಹಾಯಕಿ ಜೀವಿಬೆನ್ನೂ, ಬೆನ್ ಅಂದರೆ ಗುಜರಾತಿಯಲ್ಲಿ ಅಕ್ಕ, ತಿಂಗಳುಗಟ್ಟಲೆ ಕೂತು ಅಷ್ಟೂ ಕಾರ್ಡುಗಳನ್ನು ಹೀಗೆ ಜೋಡಿಸಿದೆವು. ನನ್ನ ಸ್ವಂತ ಮನೆತನ ಕೆ-೪೨೬. ಆ ಡ್ರಾಯರಿನ ಹಿಡಿಕೆಯನ್ನು ನಾನು ಆಗಾಗ ಪಂಚೆಯ ಚುಂಗಿನಿಂದ ಒರೆಸಿದ್ದೂ ಉಂಟು.

ಈ ವಿದ್ಯೆಯಲ್ಲಿ ತೂತುಗಳಿರಲಿಲ್ಲ ಎಂದಲ್ಲ. ಶಾಹ ಎಂಬ ಹೆಸರಿನಲ್ಲಿ ಎಚ್ಚೂ ಸ್ವರವೂ ಹೋದರೆ ಉಳಿಯುವುದೇನು? ಎಸ್-೦೦೦. ಬರೋಡಾದ ಯಾವ ಓಣಿಗೆ ಹೋದರೂ ಶಾಹರ ಮನೆ ಇಲ್ಲದಿಲ್ಲ. ಅವರೆಲ್ಲ ಸೊನ್ನೆ ಸೊನ್ನೆ ಸೊನ್ನೆಯಲ್ಲಿ ಸೇರಿಕೊಂಡು, ಆ ಒಂದು ಸಂಖ್ಯೆಗೇ ಒಂದು ಕಪಾಟು ಬೇಕಾಯಿತು. ಅತ್ತ ಝವೇರಿಗಳಲ್ಲಿ ಕೆಲವರು ಜೆಡ್ ಹಾಕಿ, ಕೆಲವರು ಜೆ ಎಚ್ ಹಾಕಿ ಬರೆಯುವುದರಿಂದ, ಮೊದಲ ಅಕ್ಷರ ಬೇರೆಯಾಗಿ, ಒಂದೇ ಮನೆಯ ಅಣ್ಣ ತಮ್ಮಂದಿರು ಕೋಣೆಯ ಎರಡು ತುದಿಯ ಡ್ರಾಯರುಗಳಿಗೆ ಹೋಗಿ ಕೂತಿದ್ದರು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಂಡುಹಿಡಿದವನು ಪರೀಖ್.

ಪರೀಖ್ ಅಹಮದಾಬಾದಿನ ಹುರಿಯಾಳು. ಸಂಖ್ಯಾಶಾಸ್ತ್ರ ಓದಿದವನು, ಅಲ್ಲಿನ ಒಂದು ಸಂಸ್ಥೆಯ ಕಂಪ್ಯೂಟರಿನಲ್ಲಿ ಕೆಲಸ ಮಾಡಿದವನು. ಎಂಬತ್ತರ ದಶಕದ ಮೊದಲಲ್ಲಿ ಟ್ರಸ್ಟಿಗಳು ಅವನನ್ನು ನನ್ನ ಕೋಣೆಗೆ ತಂದು ಬಿಟ್ಟರು. ಬಂದ ಮೂರನೇ ದಿನ ಅವನು ಎರಡು ಝವೇರಿ ಕಾರ್ಡುಗಳನ್ನು ನನ್ನ ಮುಂದಿಟ್ಟು, "ಸಾಹೇಬ್, ದನಿ ಲೆಕ್ಕ ಬಿಡಿ. ಅಕ್ಷರ ಎಣಿಸಬೇಕು" ಎಂದ. ಒಂದು ಹೆಸರನ್ನು ಇನ್ನೊಂದನ್ನಾಗಿ ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ಎಷ್ಟು ತೆಗೆಯಬೇಕು, ಎಷ್ಟು ಬದಲಿಸಬೇಕು ಎಂದು ಎಣಿಸುವುದು. ಎಣಿಕೆ ಕಡಿಮೆಯಾದಷ್ಟೂ ಹೆಸರುಗಳು ಹತ್ತಿರ. ಜೆಡ್ ಝವೇರಿಯಿಂದ ಜೆ ಎಚ್ ಝವೇರಿಗೆ ಎರಡೇ ಹೆಜ್ಜೆ. ನನ್ನ ಮೈ ಉರಿದುಹೋಯಿತು. ನಾನೂ ಬಿಡಲಿಲ್ಲ. ಮೆಹ್ತಾನಿಂದ ಮೆಹ್ರಾನಿಗೆ ಒಂದೇ ಹೆಜ್ಜೆ, ಆದರೆ ಒಬ್ಬ ಗುಜರಾತಿ, ಇನ್ನೊಬ್ಬ ಪಂಜಾಬಿ, ಇವರಿಬ್ಬರನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸುತ್ತೀಯಾ ಎಂದು ಕೇಳಿದೆ. ಹಾಗೆಯೇ ಕಾಗದದ ಮೇಲೆ ಇಂಗ್ಲಿಷಿನಲ್ಲಿ ದೇಸಾಯಿ ಎಂದು ಬರೆದು, ಒಂದು ಅಕ್ಷರ ಬದಲಿಸಿ ಒಂದು ಅಕ್ಷರ ಹೊಡೆದು ಅದನ್ನು ದೋಸೆ ಮಾಡಿ ತೋರಿಸಿದೆ. "ನೋಡು, ನಿನ್ನ ಲೆಕ್ಕದಲ್ಲಿ ಸ್ಟೇಷನ್ ಎದುರಿನ ಶೆಟ್ಟರ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ದೇಸಾಯರನ್ನು ಹುಯ್ಯುತ್ತಾರೆ." ಪರೀಖನೂ ನಕ್ಕ. ಮತ್ತೆ ಒಬ್ಬ ನಗುವವನು ನನ್ನ ಪಾಲಿಗೆ.

ಟ್ರಸ್ಟಿಗಳು ಜಗಳ ಕೇಳಿ ಬೇಸತ್ತು, ಎರಡನ್ನೂ ಹೋಲಿಸಿ ನೋಡೋಣ, ಗೆದ್ದದ್ದನ್ನು ಇಟ್ಟುಕೊಳ್ಳೋಣ ಎಂದರು. ಅದಕ್ಕಾಗಿ ಹೆಸರುಗಳನ್ನೆಲ್ಲ ಕಂಪ್ಯೂಟರು ಓದುವ ತೂತಿನ ಕಾರ್ಡುಗಳಿಗೆ ಇಳಿಸಿ, ಪೆಟ್ಟಿಗೆಗಳಲ್ಲಿ ತುಂಬಿ, ರೈಲಿನಲ್ಲಿ ಅಹಮದಾಬಾದಿನ ಕಂಪ್ಯೂಟರಿಗೆ ಒಯ್ಯಬೇಕಾಯಿತು. ಪರೀಖನ ಮನೆ ಅಹಮದಾಬಾದಿಗೆ ಒಂದು ಸ್ಟೇಷನ್ ಮೊದಲೇ ಸಿಗುವ ಮಣಿನಗರದಲ್ಲಿ, ಆದ್ದರಿಂದ ಅಲ್ಲೇ ಇಳಿಯೋಣವೆಂದ. ಇಳಿಯುವ ಗದ್ದಲದಲ್ಲಿ ಒಂದು ಪೆಟ್ಟಿಗೆಯ ತಳ ಕಿತ್ತು ಬರೋಡಾದ ರೋಗಿಗಳೆಲ್ಲ ಪ್ಲಾಟ್‌ಫಾರಮ್ಮಿನ ಮೇಲೆ ಚೆಲ್ಲಿದರು. ನನ್ನ ವಿದ್ಯೆಯನ್ನು ಸೋಲಿಸಲು ಹೊರಟ ಕಾರ್ಡುಗಳನ್ನು ನಾನೇ ಮಂಡಿಯೂರಿ, ಕಡಲೆಕಾಯಿ ಸಿಪ್ಪೆಯ ನಡುವಿನಿಂದ ಆಯ್ದೆ. ಒಬ್ಬ ಮುದುಕ ಒಂದು ಕಾರ್ಡು ಎತ್ತಿ, ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ, "ಇಷ್ಟು ಸಲ ಟಿಕೆಟು ತೂತು ಮಾಡಿದ್ದಾರಲ್ಲ, ಎಲ್ಲಿಂದ ಬರುತ್ತಿದ್ದೀರಿ?" ಎಂದು ಕೇಳಿದ. ನಾನು ಕೊಟ್ಟ ಉತ್ತರ ಇಲ್ಲಿ ಬೇಡ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಅಷ್ಟು ಸಮಾಧಾನ.

ಪರೀಖನೂ ನಾನೂ ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದೆವು, ಅದು ಗಂಡನ ಹೆಸರು ಹೇಳದ ಹೆಂಗಸರ ವಿಷಯ. ದನಿಯಾಗಲಿ ಅಕ್ಷರವಾಗಲಿ, ಹೋಲಿಸಲು ಒಂದು ಹೆಸರಾದರೂ ಬೇಕಲ್ಲ. ಕೌಂಟರಿನ ಎದುರು ನಿಂತ ಹಳ್ಳಿಯ ಹೆಂಗಸಿಗೆ ಗಂಡನ ಹೆಸರೇನೆಂದು ಕೇಳಿದರೆ ಅವಳು ಸೆರಗು ಮುಂದಕ್ಕೆಳೆದು ನೆಲ ನೋಡುತ್ತಿದ್ದಳು. ಬಲವಂತ ಮಾಡಿದರೆ ಬೆರಳಿನಿಂದ ಆಕಾಶ ತೋರಿಸುತ್ತಿದ್ದಳು. ಚಂದೂಭಾಯಿಯೋ ಸೂರಜ್‌ಭಾಯಿಯೋ ಎಂದು ಕೌಂಟರಿನವರು ಒಂದೊಂದೇ ಹೇಳುತ್ತ ಹೋಗಬೇಕು, ಸರಿಯಾದಾಗ ಅವಳು ತಲೆ ಅಲ್ಲಾಡಿಸುತ್ತಾಳೆ. ಹಿಂದಿನ ಸಾಲಿನವರು ಕಾದು ಸಾಕಾಗಿ ತಲೆ ಅಲ್ಲಾಡಿಸಿಬಿಟ್ಟರೆ ಅದೂ ನಡೆಯುತ್ತಿತ್ತು. ಇನ್ನು ಕೆಲವರು ಮೈದುನನ ಹೆಸರು ಹೇಳಿ ಪಾರಾಗುತ್ತಿದ್ದರು. ಹಲ್ಲು ದಾಟಿ ಗಂಡನ ಹೆಸರು ಹೊರಬಂದರೆ ಅವನ ಆಯುಷ್ಯ ಸೋರಿಹೋಗುತ್ತದೆಯೇ? ಔಷಧಿ ತಪ್ಪಿ ಇವಳ ಆಯುಷ್ಯ ಸೋರಿಹೋದರೆ? ನಾನು ರೆಕಾರ್ಡ್ ರೂಮಿನಲ್ಲಿ ಕೂತು ಈ ಅಜ್ಞಾನಕ್ಕೆ ಹಲ್ಲು ಕಡಿಯುತ್ತಿದ್ದೆ. ನಮ್ಮ ಮನೆಯಲ್ಲೂ ಇದು ಇರಲಿಲ್ಲವೆಂದಲ್ಲ. ನಮ್ಮಜ್ಜನ ಹೆಸರು ಹಣಮಂತರಾವ್. ಅಜ್ಜಿ ಬದುಕಿರುವ ತನಕ ಓಣಿಯ ಹಣಮಪ್ಪನ ಗುಡಿಗೆ "ಅವರ ಗುಡಿ" ಎನ್ನುತ್ತಿದ್ದಳು. ಗುಡಿ ನಮ್ಮಜ್ಜನದೇ ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. ಆದರೆ ಅದು ಹಳೆಯ ಕಾಲ. ನನ್ನ ಹೆಂಡತಿ ಮೆಟ್ರಿಕ್ ಪಾಸಾದವಳು.

ಹೋಲಿಕೆಯ ಫಲ ನೋಡಲು ಟ್ರಸ್ಟಿಗಳು ಒಂದು ಸೋಮವಾರ ಗೊತ್ತುಮಾಡಿದ್ದರು. ಆ ಬೆಳಿಗ್ಗೆ ನನ್ನ ಹೆಂಡತಿ ಚಹಾದ ಬಟ್ಟಲನ್ನು ನನ್ನ ಮುಂದಿಟ್ಟು, ಗೋಡೆ ಹಿಡಿದು ಕೂತುಬಿಟ್ಟಳು. "ರೀ, ಹೊಟ್ಟಿ ಭಾಳ ನೋಯ್ಲಿಕ್ಕೆ ಹತ್ತೇದ. ರಾತ್ರಿಯಿಂದನ ಅದ. ನಿಮ್ಮ ಪರೀಕ್ಷಾ ಅದ ಅಂತ ಹೇಳಲಿಲ್ಲ." ನನಗೆ ಅದಕ್ಕೂ ಸಿಟ್ಟೇ ಬಂತು. ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಸರ್ಜನ್ ಹೊಟ್ಟೆ ಒತ್ತಿ ನೋಡಿ ಅಪೆಂಡಿಸೈಟಿಸ್, ಇವತ್ತೇ ಆಪರೇಷನ್ ಆಗಬೇಕು ಎಂದರು. ಮೊದಲು ಯಾವುದಾದರೂ ಔಷಧಿಯಿಂದ ತೊಂದರೆ ಆಗಿತ್ತೇ ಎಂದು ಕೇಳಿದಾಗ ಇವಳು ಸುಮ್ಮನಿರಬಾರದೇ? "ಹೌದು, ಇದ ದವಾಖಾನ್ಯಾಗ ಆಗಿತ್ತು. ಮೂರು ವರ್ಷ ಆತು. ಯಾವುದೋ ಸೂಜಿ ಚುಚ್ಚಿದ್ರು, ಮಾರಿ ಎಲ್ಲಾ ಬಾತು ಉಸಿರ ಹಿಡೀತು. ಎರಡು ದಿನ ನನಗ ಎಚ್ಚರ ಇದ್ದಿದ್ದಿಲ್ಲ" ಎಂದಳು. ನಾನು ಹಿಂದಿಯಲ್ಲಿ ತಿಳಿಸಿದೆ. ಯಾವ ಸೂಜಿ ಎಂದು ಸರ್ಜನ್ ನನ್ನ ಕಡೆ ನೋಡಿದರು. ನಾನು ಅವಳ ಕಡೆ ನೋಡಿದೆ. "ನನಗೇನ್ ಗೊತ್ತರಿ. ನೀವು ಅಹಮದಾಬಾದಿನಾಗ ಇದ್ರಿ. ಹಂಸಾಬೆನ್ ಕರಕೊಂಡು ಬಂದಿದ್ರು."

ಹೌದು. ಹೆಸರು ಹುಡುಕುವ ವಿದ್ಯೆ ಕಲಿಯಲು ನಾನು ಅಹಮದಾಬಾದಿಗೆ ಹೋಗಿದ್ದ ಆ ಮೂರು ವಾರದಲ್ಲಿ ಇವಳಿಗೆ ಜ್ವರ ಬಂದು, ಪಕ್ಕದ ಮನೆಯ ಹಂಸಾಬೆನ್ ಇವಳನ್ನು ಇಲ್ಲಿ ಸೇರಿಸಿದ್ದರು. ನಾನು ಬರುವಷ್ಟರಲ್ಲಿ ಗುಣವಾಗಿ ಮನೆಗೆ ಬಂದಿದ್ದಳು. ಒಂದಿಷ್ಟು ತೊಂದರೆಯಾಗಿತ್ತು ಎಂದಳು, ನಾನು ಸರಿ ಎಂದೆ, ಆ ಮೇಲೆ ಊಟಕ್ಕೆ ಕೂತು ಎಸ್-೦೦೦ದ ಬಗ್ಗೆ ಒಂದು ಗಂಟೆ ಮಾತಾಡಿದೆ. ಸರ್ಜನ್ ಕೈ ಒರೆಸಿಕೊಳ್ಳುತ್ತ ಹೇಳಿದರು: "ಫೈಲಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿರುತ್ತಾರೆ. ಅದನ್ನು ನೋಡದೆ ನಾನು ಅರಿವಳಿಕೆ ಕೊಡಿಸುವುದಿಲ್ಲ, ಕತ್ತರಿ ಹಿಡಿಯುವುದಿಲ್ಲ. ಐದು ಗಂಟೆಯ ತನಕ ಕಾಯಬಹುದು. ಆಮೇಲೆ ಕಾಯುವಂತಿಲ್ಲ, ಕಣ್ಣು ಮುಚ್ಚಿ ಮಾಡಬೇಕಾಗುತ್ತದೆ. ರೆಕಾರ್ಡ್ ಆಫೀಸರರ ಮನೆಯವರ ಫೈಲು, ಐದು ನಿಮಿಷದ ಕೆಲಸ ಅಲ್ಲವೇ?"

ಐದು ನಿಮಿಷವೂ ಬೇಡ ಎಂದು ನಾನು ಓಡಿದೆ. ಕೆ-೪೨೬ರ ಹಿಡಿಕೆ ಎಳೆದೆ. ಕುಲಕರ್ಣಿಗಳು ಇದ್ದರು, ಪುಣೆಯವರು, ಸಾಂಗ್ಲಿಯವರು, ನನ್ನದೇ ಹಲ್ಲುನೋವಿನ ಕಾರ್ಡೂ ಇತ್ತು. ಕೇಳ್ಕರರಿದ್ದರು. ಸೌರಾಷ್ಟ್ರದ ಕಲ್ಸಾರಿಯಾಗಳೂ ಇದ್ದರು, ಅವರದೂ ೪೨೬ ಆಗುತ್ತದೆ. ಇವಳು ಮಾತ್ರ ಇರಲಿಲ್ಲ. ಸಿ ಅಕ್ಷರದಿಂದ ಬರೆದಿರಬಹುದೆಂದು ಸಿ-೪೨೬ ನೋಡಿದೆ, ಜಿ ನೋಡಿದೆ. ಡ್ರಾಯರನ್ನೇ ಕಿತ್ತು ಹಿಂದುಗಡೆ ಬಿದ್ದಿದೆಯೇ ಎಂದು ತಡಕಿದೆ. ಒಂದು ಸತ್ತ ಹಲ್ಲಿ ಸಿಕ್ಕಿತು. ಹನ್ನೊಂದು ಗಂಟೆಗೆ ಪರೀಖ್ ಟ್ರಸ್ಟಿಗಳಿಗೆ ತೋರಿಸಲು ತಂದಿದ್ದ ಕಂಪ್ಯೂಟರಿನ ಉದ್ದನೆಯ ಮಡಿಕೆ ಕಾಗದ ಹೊತ್ತು ಬಂದ. ನಾನು ಅವಮಾನ ನುಂಗಿಕೊಂಡು ವಿಷಯ ಹೇಳಿದೆ. ಅವನು ನಗಲಿಲ್ಲ, ಅದನ್ನು ಹೇಳಲೇಬೇಕು. ಕಾಗದವನ್ನು ನೆಲದ ಮೇಲೆ ಹಾಸಿ, ಪೆನ್ಸಿಲು ಹಿಡಿದು, ಕುಲಕರ್ಣಿಗೆ ಒಂದು ಹೆಜ್ಜೆಯವು, ಎರಡು ಹೆಜ್ಜೆಯವು, ಮೂರು ಹೆಜ್ಜೆಯವು ಎಂದು ಗುರುತು ಹಾಕುತ್ತ ಹೋದ. ಮೂರನೇ ಹೆಜ್ಜೆಗೆ ಕಾಲ್ವಾನಿ ಎಂಬ ಸಿಂಧಿಗಳ ಮನೆ ಹೊಕ್ಕಿದ್ದಾಯಿತು. ನಾಲ್ಕಕ್ಕೆ ಅರ್ಧ ಗುಜರಾತು. ಅವನೊಮ್ಮೆ ತಲೆಯೆತ್ತಿ, "ಸಾಹೇಬ್, ಅಡ್ಡಹೆಸರು ಬಿಟ್ಟು ಬೆನ್ ಅವರ ಸ್ವಂತ ಹೆಸರಿನಿಂದ ನೋಡೋಣವೇ?" ಎಂದು ಕೇಳಿದ. "ನನ್ನ ಹೆಂಡತಿ ಕುಲಕರ್ಣಿ. ಕುಲಕರ್ಣಿ ಅಂತಲೇ ಇರುತ್ತಾಳೆ. ನೀನು ಅಕ್ಷರ ಎಣಿಸು" ಎಂದು ನಾನು ಗದರಿಸಿದೆ. ಅವನು ಪಾಪ ಎಣಿಸಿದ.

ಎರಡು ಗಂಟೆ ಆಯಿತು, ಮೂರಾಯಿತು. ಟ್ರಸ್ಟಿಗಳು ಬಂದು, ಎರಡು ವಿದ್ಯೆಗಳೂ ನೆಲದ ಮೇಲೆ ಮಂಡಿಯೂರಿರುವುದನ್ನು ಬಾಗಿಲಲ್ಲೇ ನೋಡಿ ಹಿಂದಿರುಗಿದರು. ನಾನು ಒಂದು ಸಲ ಮೇಲೆ ವಾರ್ಡಿಗೆ ಹೋಗಿ ಬಂದೆ. ಇವಳ ಮುಖ ಬಿಳಿಚಿಕೊಂಡಿತ್ತು, ಮೊಳಕಾಲು ಮಡಚಿಕೊಂಡು ಮಲಗಿದ್ದಳು. "ಊಟಾ ಮಾಡಿದ್ರೇನು?" ಎಂದು ಕೇಳಿದಳು. ನನಗೆ ಆಗ ಹೆದರಿಕೆಯಾಯಿತು. ಮೆಟ್ಟಿಲಿಳಿಯುವಷ್ಟರಲ್ಲಿ ಅದೂ ಸಿಟ್ಟಾಗಿತ್ತು, ನನ್ನೊಳಗೆ ಬೇರೆ ಏನೂ ಬಹಳ ಹೊತ್ತು ಬಾಳುವುದಿಲ್ಲ. ನಟುಭಾಯಿಯನ್ನು ಬೈದೆ, ತರಬೇತಿ ಕೊಟ್ಟವರನ್ನು ಬೈದೆ, ಇಂಗ್ಲಿಷ್ ಭಾಷೆಯನ್ನು ಬೈದೆ. ಮೂಲೆಯಲ್ಲಿ ಫೈಲುಗಳ ಧೂಳು ಹೊಡೆಯುತ್ತಿದ್ದ ಜೀವಿಬೆನ್ನನ್ನೂ, ಎಲ್ಲಾ ನೀನು ಕಾರ್ಡು ಜೋಡಿಸಿದ್ದರ ಫಲ ಎಂದು ಬೈದೆ.

ಜೀವಿಬೆನ್ ಆ ಆಸ್ಪತ್ರೆಗೆ ಕಸ ಗುಡಿಸಲು ಬಂದವಳು. ಫೈಲು ತಂದುಕೊಡುವ ಕೆಲಸ ತಾನಾಗಿ ಅವಳ ಕೈಗೆ ಬಂದಿತ್ತು. ಇಂಗ್ಲಿಷ್ ಅಕ್ಷರಗಳನ್ನು ಅವಳು ಓದುತ್ತಿರಲಿಲ್ಲ, ಇದು ಏಣಿ, ಇದು ಮೊರ ಎಂದು ಆಕಾರದಿಂದ ಗುರುತಿಸುತ್ತಿದ್ದಳು. ಬೆಳಗಿನಿಂದ ನಾನು ಅವಳಿಗೆ ಏನು ಹುಡುಕುತ್ತಿದ್ದೇನೆ ಎಂದೇ ಹೇಳಿರಲಿಲ್ಲ. ಅವಳು ಹಲ್ಲಿಗೆ ತಿಕ್ಕಿದ್ದ ತಂಬಾಕಿನ ಪುಡಿಯನ್ನು ಹೊರಗೆ ಉಗಿದು ಬಂದು, "ಯಾರ ಕಾಗದ ಬೇಕು, ಸಾಹೇಬ್?" ಎಂದಳು.

"ನಮ್ಮ ಮನೆಯವರದು."

"ಬೆನ್ ಹೆಸರು?"

"ಮಿಸೆಸ್ ಕುಲಕರ್ಣಿ."

"ಅದು ನಿಮ್ಮ ಹೆಸರು. ಬೆನ್ ಹೆಸರು ಏನು?"

ನಾನು ಬಾಯಿ ತೆರೆದೆ. ಹೆಸರು ನೆನಪಿಗೆ ಬರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ತವರುಮನೆಯವರು ಅವಳನ್ನು ಅಂಬಕ್ಕ ಎನ್ನುತ್ತಾರೆ, ಅದು ನೆನಪಾಯಿತು. ಆದರೆ ನಮ್ಮಲ್ಲಿ ಮದುವೆಯ ದಿನ ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಗಂಡನೇ ಉಂಗುರದಿಂದ ಬರೆಯಬೇಕು. ನಾನು ಬರೆದಿದ್ದೆ. ಬರೆದವನು ನಾನೇ, ಆರಿಸಿದವನೂ ನಾನೇ. ಅವತ್ತಿನಿಂದ ಹದಿನಾಲ್ಕು ವರ್ಷ ನಾನು ಅವಳನ್ನು ಕರೆದದ್ದು "ಏ, ಇವಳೇ" ಎಂದು. ಅಟ್ಟದ ಮೇಲಿದ್ದರೆ ಸ್ವಲ್ಪ ಜೋರಾಗಿ "ಏ, ಇವಳೇ". ಪರೀಖ್ ಪೆನ್ಸಿಲು ಹಿಡಿದು ನನ್ನನ್ನೇ ನೋಡುತ್ತಿದ್ದ. ಹಳ್ಳಿಯ ಹೆಂಗಸು ಕೌಂಟರಿನ ಮುಂದೆ ನಿಲ್ಲುವಂತೆ ನಾನು ನೆಲ ನೋಡುತ್ತ ನಿಂತೆ. ಸೆರಗೊಂದು ಇರಲಿಲ್ಲ.

ಜೀವಿಬೆನ್ ಕಾಯಲಿಲ್ಲ. "ಬಿಡಿ. ಯಾವಾಗ ಬಂದಿದ್ದರು?" ಎಂದಳು. ಸಾಹೇಬರು ತರಬೇತಿಗೆ ಅಹಮದಾಬಾದಿಗೆ ಹೋಗಿದ್ದಾಗ ಎಂದು ಪರೀಖನೇ ಹೇಳಿದ. ನಾನು ಬೆಳಿಗ್ಗೆ ಅವನಿಗೆ ಹೇಳಿದ್ದೆ. "ಯಾರು ಕರೆದುಕೊಂಡು ಬಂದಿದ್ದರು?" ಹಂಸಾಬೆನ್. "ಓ, ಆ ದಪ್ಪನೆಯ ಬೆನ್ ಅವರಾ? ಮಳೆ ಬರುತ್ತಿತ್ತು. ಇಬ್ಬರೂ ತೋಯ್ದುಹೋಗಿದ್ದರು. ನಾನೇ ಟವೆಲು ಕೊಟ್ಟೆ. ಜೊತೆಗಿದ್ದ ಬೆನ್ ನಿಮ್ಮವರಾ?" ಎಂದು ಅವಳು ನಗತೊಡಗಿದಳು. "ನಟುಭಾಯಿ ಗಂಡನ ಹೆಸರು ಕೇಳಿದರೆ ಜ್ವರದಲ್ಲೂ ನಾಚಿಕೊಂಡು ನಿಂತಿದ್ದರು. ಹೇಳಲೇ ಇಲ್ಲ." ಸೊಂಟಕ್ಕೆ ಸೆರಗು ಸಿಕ್ಕಿಸಿ, ಸ್ಟೂಲು ಎಳೆದುಕೊಂಡು, ನಾನೂ ಪರೀಖನೂ ಇಡೀ ದಿನ ಬೆನ್ನು ತಿರುಗಿಸಿಕೊಂಡಿದ್ದ ಗೋಡೆಯ ಮೇಲಿನ ಒಂದು ಡ್ರಾಯರಿನಿಂದ ಕಾರ್ಡು ತೆಗೆದು ನನ್ನ ಕೈಗಿಟ್ಟಳು. ನಟುಭಾಯಿಯ ದುಂಡು ಅಕ್ಷರ. ಅಡ್ಡಹೆಸರು: ರೆಕಾರ್ಡ್‌ವಾಲಾ. ಸ್ವಂತ ಹೆಸರು: ವನಮಾಲಾಬೆನ್. ಗಂಡನ ಹೆಸರು: ಸಾಹೇಬ್.

ಆರ್-೨೬೩. ಆ ಕಾರ್ಡನ್ನು ಅಂಕಿ ನೋಡಿ ಆ ಡ್ರಾಯರಿಗೆ ಹಾಕಿದವನು ಬಹುಶಃ ನಾನೇ. ಕುಲಕರ್ಣಿಯನ್ನು ರೆಕಾರ್ಡ್‌ವಾಲಾ ಮಾಡಬೇಕಾದರೆ ಪರೀಖನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಎಲ್ಲ ಅಕ್ಷರಗಳನ್ನೂ ಬದಲಿಸಬೇಕು, ನನ್ನ ಲೆಕ್ಕದಲ್ಲಿ ಕೋಣೆಯ ಆ ತುದಿಯಿಂದ ಈ ತುದಿಗೆ ಬರಬೇಕು. ಆದರೆ ವನಮಾಲಾ ಎಂಬುದು ಕಾಗುಣಿತ ಕೆಡದೆ, ಒಂದಕ್ಷರ ಹೆಚ್ಚುಕಡಿಮೆಯಾಗದೆ, ಮೂರು ವರ್ಷದಿಂದ ಅಲ್ಲೇ ಇತ್ತು. ಆ ಹೆಸರು ಹೇಳಿದ್ದರೆ ಪರೀಖನ ಕಾಗದವೇ ಬೆಳಿಗ್ಗೆ ಹುಡುಕಿಕೊಡುತ್ತಿತ್ತು. ನಾವಿಬ್ಬರೂ ಇಡೀ ದಿನ ಹುಡುಕಿದ್ದು ನನ್ನನ್ನು. ನಾನು ಸಿಕ್ಕಿಯೂ ಇದ್ದೆ, ಹಲ್ಲುನೋವಿನ ಸಮೇತ.

ಫೈಲಿನಲ್ಲಿ ಕೆಂಪು ಶಾಯಿಯಲ್ಲಿ ಪೆನಿಸಿಲಿನ್ ಎಂದು ಬರೆದು ಎರಡು ಗೆರೆ ಎಳೆದಿದ್ದರು. ಸರ್ಜನ್ ಅದನ್ನು ನೋಡಿ, ಮೇಜಿನ ಮೇಲೆ ಆಗಲೇ ತೆಗೆದಿಡಿಸಿದ್ದ ಸೂಜಿಮದ್ದೊಂದನ್ನು ನರ್ಸಿಗೆ ವಾಪಸ್ಸು ಕೊಟ್ಟರು. ಅದು ಯಾವುದೆಂದು ನಾನು ಕೇಳಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಹೋಗಿ ಕೂತೆ. ಜೀವಿಬೆನ್ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಬೆಳಗಿನಿಂದ ಬೈದದ್ದಕ್ಕೆ ಕ್ಷಮೆ ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವಳು, "ಬೆನ್ ಹೆಸರು ಚೆನ್ನಾಗಿದೆ, ಸಾಹೇಬ್, ಯಾರು ಇಟ್ಟದ್ದು?" ಎಂದು ಕೇಳಿದಳು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ನಾಲ್ಕನೆಯ ದಿನ ಇವಳು ದಿಂಬಿಗೆ ಒರಗಿ ಮೋಸಂಬಿ ತಿನ್ನುತ್ತಿದ್ದಾಗ ನಾನು ತಡೆದಿಟ್ಟುಕೊಂಡದ್ದನ್ನೆಲ್ಲ ಕಕ್ಕಿದೆ. ಮೆಟ್ರಿಕ್ ಪಾಸಾದವಳು, ಗಂಡನ ಹೆಸರು ಹೇಳಲಿಕ್ಕೆ ಏನು ಧಾಡಿ, ಒಂದು ಹೆಸರು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದೆ. ಅವಳು ಒಂದು ತೊಳೆ ಬಿಡಿಸಿ ನನ್ನ ಕೈಗಿಟ್ಟಳು. "ಮಂದಿ ಮುಂದ ಹ್ಯಾಂಗ ಹೇಳಲಿ? ಏನ್ ಕೆಲಸಾ ಅಂತ ಕೇಳಿದ್ದಕ್ಕ ಸಾಹೇಬ್ರು ರೆಕಾರ್ಡಿಂದು ಮಾಡತಾರ ಅಂದೆ. ಆತ ಏನೋ ಬರಕೊಂಡ. ನಾ ನಿಮ್ಮ ಹೆಸರು ಹೇಳಲಿಲ್ಲ, ಖರೆ. ನಂದು ಹೇಳಿದ್ನಿ ಅಲ್ಲ? ನೀವು ನಂದೂ ಹೇಳಲಿಲ್ಲಂತ. ಜೀವಿಬೆನ್ ಬಂದಿದ್ರು." ಉತ್ತರ ಕೊಡಲು ಬಾಯಿ ತೆರೆದು, ಮೋಸಂಬಿ ಹಾಕಿಕೊಂಡೆ.

ಕಾರ್ಡನ್ನು ತಿದ್ದಿಸಲು ಹೋದರೆ ರೋಗಿಯ ಸಹಿ ಬೇಕು. ಆ ನಿಯಮ ನಾನೇ ಮಾಡಿದ್ದು. ಇವಳು ಸಹಿ ಹಾಕಲು ಒಪ್ಪಲಿಲ್ಲ. "ಇರಲಿ ಬಿಡ್ರಿ, ಇದಾದ್ರ ಜೀವಿಬೆನ್‌ಗೆ ಸಿಗತದ" ಎಂದಳು. ಟ್ರಸ್ಟಿಗಳು ಎರಡು ವಿದ್ಯೆಗಳನ್ನೂ ಇಟ್ಟುಕೊಂಡು ಜೀವಿಬೆನ್‌ಗೆ ಒಂದು ಕುರ್ಚಿ ಕೊಡಿಸಿದರು. ಆಸ್ಪತ್ರೆಯಲ್ಲಿ ನನ್ನನ್ನು ರೆಕಾರ್ಡ್‌ವಾಲಾ ಸಾಹೇಬ್ ಎಂದು ಕರೆಯುವುದು ರೂಢಿಯಾಯಿತು. ಪರೀಖ್ ಕರೆದಾಗ ಮಾತ್ರ ನಾನು ಓಗೊಡುತ್ತಿರಲಿಲ್ಲ.

ಹೊಲಿಗೆ ಬಿಚ್ಚಿ ಇವಳು ಮನೆಗೆ ಬಂದ ಮೇಲೆ ಒಂದು ಸಂಜೆ ನಾನು ನಿರ್ಧಾರ ಮಾಡಿದೆ. ಹೆಸರಿಟ್ಟವನು ನಾನು, ಕರೆಯಲಿಕ್ಕೇನು ಕಷ್ಟ? ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದೆ. ಚಪ್ಪಲಿ ಬಿಟ್ಟು, ಪಡಸಾಲೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, "ವನಮಾಲಾ" ಎಂದೆ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಹಾಗೇ ಇತ್ತು. ಕೇಳಿಸಲಿಲ್ಲವೇನೋ ಎಂದು ಇನ್ನಷ್ಟು ಜೋರಾಗಿ, ಇನ್ನಷ್ಟು ಸ್ಪಷ್ಟವಾಗಿ, ಅಷ್ಟಷ್ಟೇ ಸಿಟ್ಟೂ ಬೆರೆಸಿ, "ವನಮಾಲಾ" ಎಂದು ಕೂಗಿದೆ. ಪಾತ್ರೆಯ ಸದ್ದು ನಿಂತಿತು.

"ರೀ" ಎಂದಳು ಒಳಗಿನಿಂದ. "ಬಾಗಿಲಾಗ ಯಾರೋ ಯಾರನ್ನೋ ಕರೀಲಿಕ್ಕೆ ಹತ್ಯಾರ ನೋಡ್ರಿ. ಆ ಮನಿ ಇದಲ್ಲಂತ ಹೇಳಿ ಕಳಸ್ರಿ."